ಮೇಷ್ಟ್ರ ಬಾಗಿಲ ಬೋರಲು ಬಕೆಟ್ಟು

ಅತ್ತೆ ಕೂತದ್ದನ್ನು ಕಂಡವರು ಆ ಲಾಯದಲ್ಲಿ ಯಾರೂ ಇಲ್ಲ. ಊಟ ಕೂಡ ನಿಂತೇ. ತಟ್ಟೆ ಹಿಡಿದುಕೊಂಡು ಒಂದು ತುತ್ತಿಗೂ ಇನ್ನೊಂದು ತುತ್ತಿಗೂ ನಡುವೆ ಲಾಯದ ಆ ತುದಿಗೆ ಹೋಗಿ ಈ ತುದಿಗೆ ಬಂದಿರುತ್ತಿದ್ದರು. ಪೊರಕೆ ವಾಲಿದ್ದರೆ ನೆಟ್ಟಗಾಗಬೇಕು, ಕೊಕ್ಕೆಯಲ್ಲಿ ಲಗಾಮು ತಿರುಚಿಕೊಂಡಿದ್ದರೆ ಬಿಡಿಸಬೇಕು, ನಲ್ಲಿ ತೊಟ್ಟಿಕ್ಕುತ್ತಿದ್ದರೆ ಅದನ್ನು ತಿರುಪಿ ಅದಕ್ಕೂ ನಾಲ್ಕು ಮಾತು ಬೈಯಬೇಕು. ಇದನ್ನೆಲ್ಲ ಮಾಡು ಅಂತ ಅವರಿಗೆ ಯಾರೂ ಹೇಳಿದ್ದಲ್ಲ. ಸುಮ್ಮನಿರಿ ಅಂತ ಹೇಳಿದವರು ಮಾತ್ರ ಬಹಳ ಜನ, ಹೇಳಿ ಉಗಿಸಿಕೊಂಡವರೂ ಅಷ್ಟೇ ಜನ.

ಅತ್ತೆ ಅಂದರೆ ಆ ಸವಾರಿ ಶಾಲೆಯ ಯಜಮಾನನಿಗೆ ಸೋದರತ್ತೆ. ಯಜಮಾನ ಇವರ ಅಣ್ಣನ ಮಗ. ಅವನು ಹುಟ್ಟಿದಾಗ ಬಾಣಂತಿ ಅತ್ತಿಗೆಗೆ ಒಂದು ವಾರ ಕೈಯಾಸರೆಯಾಗಿರಲಿ ಅಂತ ಬಂದವರು. ಆ ವಾರ ಇನ್ನೂ ಮುಗಿದಿಲ್ಲ. ಮೊದಲು ಮಗು, ಆಮೇಲೆ ಅಡುಗೆಮನೆ, ಅಣ್ಣ ಕುದುರೆ ಕಟ್ಟಿದ ಮೇಲೆ ಲಾಯ, ಹೀಗೆ ಒಂದೊಂದಾಗಿ ಎಲ್ಲ ಇವರ ಕೈಗೆ ಬಂತು. ಅಣ್ಣ, ಅತ್ತಿಗೆ ಇಬ್ಬರೂ ಹೋದರು. ಮಗು ಬೆಳೆದು ಯಜಮಾನನಾಯಿತು. ಅಳಿಯ ಅತ್ತೆ ಅಂದದ್ದಕ್ಕೆ ಸವಾರಿ ಕಲಿಯಲು ಬಂದವರೂ ಅತ್ತೆ ಅಂದರು, ಹುಲ್ಲು ತರುವವನೂ ಅಂದ, ಕಡೆಗೆ ಊರೇ ಅಂದಿತು.

ಇನ್ನು ಮೇಷ್ಟ್ರು. ಮೇಷ್ಟ್ರು ಅಂದರೆ ಮನುಷ್ಯರಲ್ಲ, ಕಂದು ಬಣ್ಣದ ಒಂದು ಮುದಿ ಕುದುರೆ. ಕುದುರೆಗೂ ಬಹುವಚನವಾ ಅಂತ ನಗಬೇಡಿ, ಅವರ ಬೆನ್ನ ಮೇಲೆ ಕೂತಿದ್ದರೆ ನೀವೂ ಹಾಗೇ ಅನ್ನುತ್ತಿದ್ದಿರಿ. ಆ ಶಾಲೆಯಲ್ಲಿ ಸವಾರಿ ಕಲಿತವರೆಲ್ಲ ಕಲಿತದ್ದು ಅವರಿಂದಲೇ. ಸವಾರ ಒಂದು ಕಡೆ ವಾಲಿದರೆ ಮೇಷ್ಟ್ರು ತಾವೇ ಒಂದು ಹೆಜ್ಜೆ ಆ ಕಡೆ ಸರಿದು ಅವನನ್ನು ಬೀಳದಂತೆ ಹಿಡಿಯುತ್ತಿದ್ದರು. ಲಗಾಮನ್ನು ಸಿಕ್ಕಾಪಟ್ಟೆ ಜಗ್ಗಿದರೆ ನಿಂತುಬಿಟ್ಟು, ಕತ್ತು ತಿರುಗಿಸಿ, ಮನೆಪಾಠ ಬರೆಯದೆ ಬಂದವನನ್ನು ನೋಡುವ ಹಾಗೆ ಒಂದು ನೋಟ ನೋಡುತ್ತಿದ್ದರು. ಯಜಮಾನ ಚಡ್ಡಿ ಹಾಕುವ ವಯಸ್ಸಿನಲ್ಲಿ ಆ ನೋಟವನ್ನು ತಿಂದು ತಿಂದೇ ಸವಾರನಾದವನು. ಏಕವಚನದಲ್ಲಿ ಕರೆಯುತ್ತಿದ್ದದ್ದು ಅತ್ತೆ ಒಬ್ಬರೇ.

ಮೇಷ್ಟ್ರ ಮುಂಗಾಲು ಹಿಡಿದುಕೊಳ್ಳಲು ಶುರುವಾದಾಗ ಡಾಕ್ಟ್ರಮ್ಮನನ್ನು ಕರೆಸಿದರು. ಆಕೆ ಪಶುವೈದ್ಯೆ, ಮಾತು ಕಮ್ಮಿ. ಕಾಲು ಮಡಿಸಿ ನೋಡಿದಳು, ಒತ್ತಿ ನೋಡಿದಳು, ಗಟ್ಟಿ ನೆಲದ ಮೇಲೆ ನಡೆಸಿ ನೋಡಿದಳು.

"ಕೀಲು ಸವೆದಿದೆ ಅತ್ತೆ. ಸವೆದದ್ದು ವಾಪಸ್ ಬರಲ್ಲ. ನೋವಿಗೆ ಪುಡಿ ಕೊಡ್ತೀನಿ, ದಿನಕ್ಕೆ ಒಂದೇ ಸಲ. ಜಾಸ್ತಿ ಹಾಕಿದ್ರೆ ಹೊಟ್ಟೆ ಕೆಡುತ್ತೆ. ಹಗುರ ಇರೋರು ಕೂತ್ಕೊಂಡು ನಿಧಾನಕ್ಕೆ ನಡೆಸಲಿ. ಓಟ ಬೇಡ. ಹಾರಿಸೋದಂತೂ ಕೇಳಲೇಬೇಡಿ."

"ಅಂದ್ರೆ ಸವಾರಿ ಮಾಡಬಹುದು ತಾನೆ?" ಅಂದ ಅಳಿಯ. ಅವನ ಕಿವಿಗೆ ಬಿದ್ದದ್ದು ಅಷ್ಟೇ.

ಡಾಕ್ಟ್ರಮ್ಮನ ಗಾಡಿ ಗೇಟು ದಾಟುತ್ತಿದ್ದ ಹಾಗೆ ಇನ್ನೊಂದು ಮಾತೂ ಅಂದ. "ಸವಾರಿಗೆ ಬರೋವರೆಗೂ ಇರಲಿ ಅತ್ತೆ. ಆಮೇಲೆ ದಲ್ಲಾಳಿಗೆ ಹೇಳೋಣ. ನಿಂತು ತಿನ್ನೋರಿಗೆಲ್ಲ ಜಾಗ ಎಲ್ಲಿಂದ ತರಲಿ?"

ದಲ್ಲಾಳಿಯ ಲಾರಿ ಹತ್ತಿದ ಕುದುರೆಯನ್ನು ಆಮೇಲೆ ಎಲ್ಲಾದರೂ ಕಂಡೆ ಅಂದವರಿಲ್ಲ. ಎಲ್ಲಿ ಹೋಯಿತು ಅಂತ ಯಾರೂ ಕೇಳುವುದೂ ಇಲ್ಲ, ಉತ್ತರ ಗೊತ್ತಲ್ಲ. ಅವತ್ತಿನಿಂದ ಮೇಷ್ಟ್ರ ಪುಡಿ ಅತ್ತೆಗೆ ಒಂದು ವ್ರತವೇ ಆಯಿತು. ಬೆಳಗಾಗೆದ್ದು ಬೂಸಾ ನೆನೆಸಿ, ಪುಡಿ ಬೆರೆಸಿ, ಕಹಿ ಗೊತ್ತಾಗದಿರಲಿ ಅಂತ ಅದಕ್ಕೆ ಸೇಬು ತುರಿದು ಹಾಕುವರು. ಮೇಷ್ಟ್ರು ಮೂಗು ಸೊಟ್ಟ ಮಾಡಿದರೆ, "ನಾನು ನುಂಗ್ಕೊಂಡು ಓಡಾಡ್ತಿಲ್ವೇನೋ? ತಿನ್ನು, ನೀನೂ ಓಡಾಡು" ಅನ್ನುವರು.

ಹೌದು, ಅತ್ತೆಯೂ ನುಂಗುತ್ತಿದ್ದರು. ಬಲಮಂಡಿ ಹೋಗಿ ಬಹಳ ಕಾಲವಾಗಿತ್ತು. ಮೇವಿನ ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ನಿಂತು, ಫ್ಲಾಸ್ಕಿನ ಮುಚ್ಚಳದಲ್ಲಿ ಚಹಾ ಬಗ್ಗಿಸಿಕೊಂಡು ಮಾತ್ರೆ ನುಂಗಿ, ಅದು ಕೆಲಸ ಮಾಡುವವರೆಗೂ ಅಲ್ಲೇ ಏನಾದರೂ ಕೆದಕುತ್ತ ನಿಂತಿದ್ದು, ಆಮೇಲೆ ಈಚೆ ಬರುವರು. ಯಾರಿಗೂ ಗೊತ್ತಿರಲಿಲ್ಲ. ಸಾಕಿದ ಅಳಿಯನಿಗೂ ಗೊತ್ತಿರಲಿಲ್ಲ.

ಲಾಯದಲ್ಲಿ ಒಂದು ಪದ್ಧತಿ ಇತ್ತು, ಅಣ್ಣನ ಕಾಲದ್ದು. ಯಾವ ಕುದುರೆಗೆ ಔಷಧಿ ಕೊಟ್ಟಾಯಿತೋ ಅದರ ಬಾಗಿಲ ಮುಂದೆ ಬಕೆಟ್ಟನ್ನು ಬೋರಲು ಹಾಕಬೇಕು. ನೋಡಿದವರಿಗೆ ಗೊತ್ತಾಗಬೇಕು, ಇನ್ನೊಬ್ಬರು ಬಂದು ಮತ್ತೆ ಕೊಡಬಾರದು, ಅಷ್ಟೇ. ಸಂಜೆವರೆಗೂ ಅದನ್ನು ಯಾರೂ ಮುಟ್ಟುವಂತಿಲ್ಲ. ಒಳ್ಳೆಯ ಪದ್ಧತಿ. ಆದರೆ ದಾರಿಯಲ್ಲಿ ಬಿದ್ದ ಬಕೆಟ್ಟನ್ನು ಕಂಡು ಸುಮ್ಮನೆ ಹೋಗುವುದು ಅತ್ತೆಯ ಜಾತಕದಲ್ಲೇ ಬರೆದಿರಲಿಲ್ಲ. ದಿನಾ ಅದನ್ನು ದಾಟುವಾಗ ಅವರ ಬೆರಳು ತುರಿಸುತ್ತಿದ್ದವು.

ಸವಾರಿ ಕಲಿಯುವವರ ಮನೆಯವರೆಲ್ಲ ನೋಡಲು ಬರುವ ದಿನ ಅದು. ಅತ್ತೆಗೆ ಬೆಳಗಿನಿಂದ ಬೆಂಕಿ ತುಳಿದ ಹಾಗೆ. ಮೇಷ್ಟ್ರಿಗೆ ಪುಡಿ ತಿನ್ನಿಸಿದರು, ಬಕೆಟ್ಟು ಬೋರಲು ಹಾಕಿದರು, ಕುರ್ಚಿ ಒರೆಸಿದರು, ಒರೆಸಿದ ಕುರ್ಚಿಯನ್ನೇ ಮತ್ತೆ ಒರೆಸಿದರು. ಜನ ಬರುವ ಹೊತ್ತಾಯಿತು ಅನ್ನುವಾಗ ಲಾಯದ ಹಾದಿಯಲ್ಲಿ ಆ ಬಕೆಟ್ಟು ಕಣ್ಣಿಗೆ ಬಿತ್ತು. ಬಂದವರು ಎಡವಿಬಿಟ್ಟರೆ? ಏನಿದು ಗಲೀಜು ಅಂದುಬಿಟ್ಟರೆ? ಒಂದು ಕ್ಷಣ ಯೋಚಿಸಬೇಕಿತ್ತು. ಕೈ ಯೋಚಿಸಲು ಬಿಟ್ಟರೆ ತಾನೆ! ಬಕೆಟ್ಟು ತೊಳೆದು, ಒರೆಸಿ, ಕೊಕ್ಕೆಗೆ ನೇತು ಹಾಕಿ, ಕುರ್ಚಿಗಳ ಕಡೆಗೆ ಓಡಿದರು.

ಸ್ವಲ್ಪ ಹೊತ್ತಿಗೆ ಅಳಿಯ ಬಂದ. ಬಕೆಟ್ಟು ಕೊಕ್ಕೆಯಲ್ಲಿದೆ. ಪಾಪ ಅತ್ತೆ, ಗಡಿಬಿಡಿಯಲ್ಲಿ ಮರೆತಿದ್ದಾಳೆ ಅಂದುಕೊಂಡು ತಾನೇ ಬೂಸಾ ಕಲಸಿ ಪುಡಿ ಹಾಕಿದ. ಜನ ಬರುವ ದಿನ, ಚೂರು ಜಾಸ್ತಿಯೇ ಇರಲಿ ಅಂತ ಕೈ ಧಾರಾಳವಾಗಿಯೂ ಹಾಕಿದ. ಸೇಬು ಹಾಕಲಿಲ್ಲ. ಆದರೂ ಮೇಷ್ಟ್ರು ತಿಂದರು. ತಾವು ಕಲಿಸಿದ ಹುಡುಗ ಕೊಟ್ಟದ್ದು ಅಂತಲೋ ಏನೋ.

ಅಬ್ಬಾ, ಅವತ್ತಿನ ಮೇಷ್ಟ್ರನ್ನು ನೋಡಬೇಕಿತ್ತು! ಕತ್ತು ಎತ್ತಿ, ಬಾಲ ಎತ್ತಿ, ಹೊಸ ಕಾಲು ಬಂದವರ ಹಾಗೆ ಅಂಗಳ ಸುತ್ತಿದರು. ನಡಿಗೆ ಕುಕ್ಕುಲೋಟವಾಯಿತು, ಕುಕ್ಕುಲೋಟ ನಾಗಾಲೋಟವಾಯಿತು. ಜನ ಚಪ್ಪಾಳೆ ತಟ್ಟಿದರು. ಅಳಿಯನಿಗೆ ತಡೆಯಲಾಗಲಿಲ್ಲ. ಬೆನ್ನ ಮೇಲಿದ್ದ ಹುಡುಗನನ್ನು ಇಳಿಸಿ ತಾನೇ ಹತ್ತಿದ. ಚಿಕ್ಕಂದಿನಲ್ಲಿ ಹಾರಿಸುತ್ತಿದ್ದ ಅಡ್ಡಗಂಬದ ಕಡೆಗೆ ತಿರುಗಿಸಿದ. ಮೇಷ್ಟ್ರು ಹಾರಿದರು. ಅತ್ತೆಯೂ ಚಪ್ಪಾಳೆ ತಟ್ಟಿದರು, ಕಣ್ಣಲ್ಲಿ ನೀರು ಬರುವಷ್ಟು ಖುಷಿಪಟ್ಟರು. ಇನ್ನು ದಲ್ಲಾಳಿಯ ಮಾತು ಬರಲ್ಲ ಬಿಡು ಅಂದುಕೊಂಡರು.

ಮಾರನೆಯ ಬೆಳಿಗ್ಗೆ ಮೇಷ್ಟ್ರು ಮುಂಗಾಲನ್ನು ನೆಲಕ್ಕೆ ಊರಲಿಲ್ಲ. ಕೀಲು ಊದಿ ಕುಂಬಳಕಾಯಾಗಿತ್ತು. ಮೈಯೆಲ್ಲ ಬೆವರು. ಬೂಸಾ ಮುಟ್ಟಲಿಲ್ಲ, ಸೇಬನ್ನೂ ಮೂಸಲಿಲ್ಲ.

"ಎಷ್ಟು ಕೊಟ್ರಿ?" ಅಂದಳು ಡಾಕ್ಟ್ರಮ್ಮ.

"ನಾನು ಬೆಳಿಗ್ಗೆ ಒಂದು ಸಲ," ಅಂದರು ಅತ್ತೆ.

"ನೀನೂ ಕೊಟ್ಟಿದ್ಯಾ?" ಅಳಿಯನ ಮುಖ ಬಿಳಿಚಿಕೊಂಡಿತು. "ಬಕೆಟ್ ಕೊಕ್ಕೇಲಿತ್ತಲ್ಲ ಅತ್ತೆ!"

ಅತ್ತೆ ಕೊಕ್ಕೆಯ ಕಡೆ ನೋಡಿದರು. "ಎತ್ತಿಟ್ಟವಳು ನಾನೇ ಕಣೋ. ಜನ ಎಡವ್ತಾರೆ ಅಂತ. ಥೂ, ನನ್ನ ಕೈ ಕಡಿದು ಹಾಕಬೇಕು."

"ಕೈ ಕಡಿಯೋದು ಆಮೇಲೆ," ಅಂದಳು ಡಾಕ್ಟ್ರಮ್ಮ, ಕಾಲಿಗೆ ಪಟ್ಟಿ ಸುತ್ತುತ್ತ. "ಎರಡೆರಡು ಪಾಲು ಪುಡಿ ಬಿದ್ದು ಇವರಿಗೆ ನೋವೇ ಗೊತ್ತಾಗಿಲ್ಲ. ಗೊತ್ತಾಗಿದ್ರೆ ಹಾರ್ತಿದ್ರಾ? ಅಡ್ಡಗಂಬದ ಹತ್ತಿರ ನಿಂತು ತಿರುಗಿ ನೋಡ್ತಿದ್ರು, ನಿಮಗೇ ಗೊತ್ತಲ್ಲ. ಇನ್ನು ಮುಂದೆ ಬೆನ್ನ ಮೇಲೆ ಯಾರೂ ಕೂರೋದು ಬೇಡ."

ಊತ ಇಳಿಯಿತು. ಮೇಷ್ಟ್ರು ಮೇವು ಮುಟ್ಟಿದರು. ಪುಡಿ ಬಿದ್ದ ದಿನ ಹಿತ್ತಲಲ್ಲಿ ಸಲೀಸಾಗಿ ನಡೆಯುವಷ್ಟಾದರು. ಅಷ್ಟು ಸಾಕಾಯಿತು, ಅಳಿಯನ ಕಣ್ಣು ಮತ್ತೆ ಅವರ ಬೆನ್ನ ಮೇಲೆ ಬಿತ್ತು. ಅವನು ಕೆಟ್ಟವನಲ್ಲ. ಆದರೆ ಶಾಲೆಗೆ ಒಬ್ಬ ದರ್ಜಿ ಬರುತ್ತಿದ್ದ, ನಡುವಯಸ್ಸಿನವ, ಕುದುರೆ ಕೆನೆದರೆ ಕಂಬ ತಬ್ಬಿಕೊಳ್ಳುವ ಗಿರಾಕಿ. ಮೇಷ್ಟ್ರನ್ನು ಬಿಟ್ಟು ಬೇರೆ ಯಾರ ಮೇಲೂ ಹತ್ತುವುದಿಲ್ಲ ಅಂತ ಹಟ ಹಿಡಿದಿದ್ದ. ಅಂಥವರು ಇನ್ನೂ ಇದ್ದರು.

"ನಾಳೆ ದರ್ಜಿ ಬರ್ತಾನೆ. ಬರೀ ನಡಿಗೆ ಅತ್ತೆ. ಪುಡಿ ಹಾಕಿ ಕರ್ಕೊಂಡು ಬಾ."

"ಡಾಕ್ಟ್ರಮ್ಮ ಬೇಡ ಅಂದ್ಲಲ್ಲೋ ಮರಿ."

"ಪುಡಿ ಹಾಕಿದ್ರೆ ಕುಂಟಲ್ಲ ತಾನೆ? ಕುಂಟದೆ ನಡೆದ್ರೆ ಇರಲಿ. ಕುಂಟಿದ್ರೆ ದಲ್ಲಾಳಿ ಹೇಗೂ ಈ ವಾರ ಬರ್ತಾನೆ." ಅತ್ತೆಯ ಮುಖ ನೋಡದೆ ಹೇಳಿ ಹೋದ.

ಅತ್ತೆ ಲಾಯದ ಉದ್ದಕ್ಕೂ ಶತಪಥ ಹಾಕಿದರು. ಪುಡಿ ಹಾಕಿದರೆ ಮೇಷ್ಟ್ರು ನಡೆಯುತ್ತಾರೆ. ಇವತ್ತು ನಡಿಗೆ, ನಾಳೆ ಇನ್ನೊಂದು ಚಿಟಿಕೆ ಪುಡಿ, ನಾಡಿದ್ದು ಓಟ. ಕಾಲು ಮುರಿದು ಬೀಳುವವರೆಗೂ ಆ ಮಂಗ ಕುದುರೆ ನಡೆಯುತ್ತಲೇ ಇರುತ್ತಾನೆ, ಬೇಡ ಅನ್ನುವುದು ಅವನಿಗೆ ಗೊತ್ತಿಲ್ಲ. ಪುಡಿ ಹಾಕದಿದ್ದರೆ ಲಾರಿ. ಅಯ್ಯೋ ದೇವರೇ, ಯಾವ ಕಡೆ ತಿರುಗಿದರೂ ಗೋಡೆಯೇ ಅಲ್ಲವಾ! ಕಟ್ಟಿದ ಕುದುರೆಗಳೆಲ್ಲ ಕತ್ತು ಹೊರಹಾಕಿ ಅತ್ತೆ ಹೋಗುವುದನ್ನೂ ಬರುವುದನ್ನೂ ನೋಡಿದವು.

ಬೆಳಿಗ್ಗೆ ಬೂಸಾ ನೆನೆಸಿದರು, ಸೇಬು ತುರಿದರು. ಪುಡಿಯ ಡಬ್ಬಿಗೆ ಕೈ ಹಾಕಿ ಹಿಂದಕ್ಕೆ ತೆಗೆದರು. ಮೇಷ್ಟ್ರು ತುಟಿಯಲ್ಲಿ ಬೂಸಾ ಕೆದಕಿ ಹುಡುಕಿದರು. ದಿನದ ಕಹಿ ಸಿಗದೆ ತಲೆ ಎತ್ತಿ ಅತ್ತೆಯನ್ನು ನೋಡಿದರು.

"ಇವತ್ತೊಂದು ದಿನ ತಡ್ಕೋ ಕಂದ. ಬೈಕೋ ಬೇಕಾದ್ರೆ," ಅಂದರು ಅತ್ತೆ. ಆಮೇಲೆ ತಮ್ಮ ಮಾತ್ರೆಯನ್ನು ಅಂಗೈಯಲ್ಲಿಟ್ಟು ನೋಡಿದರು. ಅವನಿಗಿಲ್ಲದ್ದು ನನಗ್ಯಾಕೆ ಅಂತ ಅದನ್ನೂ ಮಾತ್ರೆ ಡಬ್ಬಿಗೇ ವಾಪಸ್ ಹಾಕಿಬಿಟ್ಟರು.

ಲಾಯದಿಂದ ಅಂಗಳಕ್ಕೆ ದೂರವೇನೂ ಇಲ್ಲ. ಅವತ್ತು ಆ ದಾರಿ ಮುಗಿಯಲೇ ಇಲ್ಲ. ಮೇಷ್ಟ್ರು ಮುಂಗಾಲು ಊರಿದಾಗಲೆಲ್ಲ ತಲೆ ಮೇಲಕ್ಕೆ ಎಗರುತ್ತಿತ್ತು. ಅತ್ತೆ ಬಲಗಾಲು ಊರಿದಾಗಲೆಲ್ಲ ಹಲ್ಲು ಕಚ್ಚಿ ಹಗ್ಗವನ್ನು ಬಿಗಿಹಿಡಿಯುತ್ತಿದ್ದರು. ಒಬ್ಬರಿಗಾಗಿ ಒಬ್ಬರು ನಿಂತು, ಮತ್ತೆ ನಡೆದರು.

ಬೇಲಿಯ ಹತ್ತಿರ ತಲೆಗೆ ಟೋಪಿ ಬಿಗಿದುಕೊಂಡು ನಿಂತಿದ್ದ ದರ್ಜಿ ಮೊದಲು ಕಂಡ. "ಅಯ್ಯಯ್ಯೋ, ಅತ್ತೆ ಬಿದ್ರಾ?"

ಅಳಿಯ ತಿರುಗಿದ. ನೋಡಿದ್ದು ಕುದುರೆಯ ಕಾಲನ್ನಲ್ಲ. ಓಡಿಬಂದು, "ನಿನಗೇನಾಯ್ತು? ಯಾವಾಗ ಬಿದ್ದೆ?" ಅಂದ.

"ಬಿದ್ದಿಲ್ಲ. ದಿನಾ ಇರೋದೇ ಇದು. ಮಾತ್ರೆ ನುಂಗಿ ಬರ್ತಿದ್ದೆ, ನಿನಗೆ ಕಾಣ್ತಿರಲಿಲ್ಲ. ಇವತ್ತು ಅವನಿಗೂ ಪುಡಿ ಹಾಕಿಲ್ಲ, ನಾನೂ ನುಂಗಿಲ್ಲ." ಅತ್ತೆಗೆ ಉಸಿರು ಹಿಡಿಯಿತು. "ಇಬ್ಬರೂ ಇರೋ ಹಾಗೇ ಬಂದಿದ್ದೀವಿ, ನೋಡ್ಕೋ. ಲಾರಿ ಬರುತ್ತಲ್ಲ, ಮೊದಲು ಯಾರನ್ನ ಹತ್ತಿಸ್ತೀಯ?"

ಅಳಿಯ ಕುಕ್ಕರಗಾಲಲ್ಲಿ ಕೂತು ಮೇಷ್ಟ್ರ ಕೀಲಿನ ಮೇಲೆ ಕೈಯಿಟ್ಟ. ಮೇಷ್ಟ್ರು ಕತ್ತು ತಿರುಗಿಸಿ ಅದೇ ಹಳೆಯ ನೋಟ ನೋಡಿದರು.

"ಯಾವಾಗಿಂದ?" ಅಂದ ತಲೆ ಎತ್ತದೆ.

"ಯಾರದ್ದು ಕೇಳ್ತಿದ್ದೀಯ, ನಂದಾ, ಅವನದಾ?"

ಅವನು ಎದ್ದು ಹಗ್ಗ ತೆಗೆದುಕೊಂಡ. "ಇವತ್ತು ಪಾಠ ಇಲ್ಲ ಸಾರ್" ಅಂತ ದರ್ಜಿಗೆ ಹೇಳಿದ. ದರ್ಜಿ ಟೋಪಿ ಬಿಚ್ಚಿದ ವೇಗ ನೋಡಿದರೆ ಅವನಿಗೂ ಸಮಾಧಾನವಾದ ಹಾಗಿತ್ತು. ಅಳಿಯ ಮೇಷ್ಟ್ರನ್ನು ನಿಧಾನವಾಗಿ ಲಾಯಕ್ಕೆ ನಡೆಸಿಕೊಂಡು ಹೋದ. ತಾನೇ ಬೂಸಾ ಕಲಸಿದ, ಪುಡಿಯನ್ನು ಅಳೆದು ಹಾಕಿದ, ಈ ಸಲ ಸೇಬನ್ನೂ ತುರಿದ. ಬಕೆಟ್ಟನ್ನು ತಂದು ಬಾಗಿಲ ಮುಂದೆ ಬೋರಲು ಹಾಕಿದ.

ಅತ್ತೆ ಹಿಂದಿನಿಂದ ಗೋಡೆ ಹಿಡಿದುಕೊಂಡು ಬಂದರು. ದಾರಿಯಲ್ಲಿ ಬಕೆಟ್ಟು. ಕೈ ತಾನಾಗಿ ಅದರ ಕಡೆ ಹೋಯಿತು. ಅರ್ಧದಲ್ಲಿ ನಿಂತಿತು. ಅತ್ತೆ ತಿರುಗಿ, ಸೀರೆ ಸರಿ ಮಾಡಿಕೊಂಡು, ಆ ಬೋರಲು ಬಕೆಟ್ಟಿನ ಮೇಲೆ ಕೂತುಬಿಟ್ಟರು.

ಅಳಿಯ ಕಣ್ಣು ಬಿಟ್ಟುಕೊಂಡು ನಿಂತ. "ಅತ್ತೆ, ಕೂತಿದ್ದೀಯ!"

"ದಲ್ಲಾಳಿಗೆ ಬರಬೇಡ ಅಂತ ಹೇಳು. ಇವನು ಇಲ್ಲೇ ಇರ್ತಾನೆ, ನಿಂತೇ ತಿಂತಾನೆ. ಹೇಳೋವರೆಗೂ ನಾನು ಏಳಲ್ಲ."

"ಹೇಳ್ತೀನಿ."

"ಈಗ ಹೇಳು. ನನ್ನ ಮುಂದೆ ಹೇಳು."

ಅಳಿಯ ಫೋನು ತೆಗೆದ. ಆ ಕಡೆ ದಲ್ಲಾಳಿ ಏನೇನೋ ಅಂದ. ಅವನು ಮಾತಾಡುವಷ್ಟು ಹೊತ್ತೂ ಅತ್ತೆಯ ಎಡಗಾಲು ಕುಣಿಯುತ್ತಿತ್ತು, ಕೈ ಸೆರಗಿನ ಅಂಚು ಮಡಿಸುತ್ತಿತ್ತು, ಬಿಡಿಸುತ್ತಿತ್ತು. "ಇಲ್ಲ, ಕೊಡಲ್ಲ. ಇಲ್ಲ, ಮುಂದಿನ ವಾರವೂ ಬರಬೇಡಿ," ಅಂದ ಅಳಿಯ. ಫೋನು ಜೇಬಿಗಿಟ್ಟ.

"ಆಯ್ತು. ಈಗ ಏಳು ಅತ್ತೆ."

ಅತ್ತೆ ಏಳಲು ನೋಡಿದರು. ಮತ್ತೊಮ್ಮೆ ನೋಡಿದರು. ಒಳಗೆ ಮೇಷ್ಟ್ರು ಬೂಸಾ ಜಗಿಯುವ ಸದ್ದು ಕೇಳುತ್ತಿತ್ತು.

"ಆಗ್ತಿಲ್ಲ ಕಣೋ ಮರಿ," ಅಂದರು. "ಕೈ ಕೊಡು."