ಪಾರ್ವತಮ್ಮ ಡಾಕ್ಟರ ಕೂಗುವ ಪೆಟ್ಟಿಗೆ

ಮದುವೆ ಮನೆಯಲ್ಲಿ ಅಕ್ಷತೆ ಹಾಕಲು ಹೋದವರು ಏನು ಹೇಳುತ್ತಾರೆ? ನೂರು ಕಾಲ ಬಾಳಿ ಎನ್ನುತ್ತಾರೆ. ನಮ್ಮ ಪಾರ್ವತಮ್ಮ ಡಾಕ್ಟರು ಮದುಮಗಳ ಗಲ್ಲ ಹಿಡಿದು, "ನಿನಗೆ ಯಾವ ಸೂಜಿ ಆಗಿಬರಂಗಿಲ್ಲ ಮಗಾ?" ಎಂದು ಕೇಳುತ್ತಿದ್ದರು. ಹುಡುಗಿ ಕಕ್ಕಾಬಿಕ್ಕಿಯಾಗುತ್ತಿದ್ದಳು. ಇವಳಿಗೇನೋ ಕಾಯಿಲೆ ಇರಬೇಕೆಂದು ಗಂಡಿನ ಕಡೆಯವರು ಕಿವಿ ನಿಮಿರಿಸುವಷ್ಟರಲ್ಲಿ, ಡಾಕ್ಟರು ವರನ ಕಡೆ ತಿರುಗಿ ಅದೇ ಪ್ರಶ್ನೆ ಹಾಕಿ, ಊಟದ ಪಂಕ್ತಿಗೆ ನಡೆದಿರುತ್ತಿದ್ದರು.

ಶಿಕಾರಿಪುರದಲ್ಲಿ ಅವರ ಆಸ್ಪತ್ರೆ. ಕುಳ್ಳ ಮೈ, ಹಣೆಯಲ್ಲಿ ವಿಭೂತಿ, ಸೆರಗಿನ ಜೊತೆ ಸೊಂಟಕ್ಕೆ ಸಿಕ್ಕಿಸಿದ ಸ್ಟೆತಾಸ್ಕೋಪು. ದನಿಯೋ, ಒಡೆದ ಜರಡಿಯಲ್ಲಿ ಮರಳು ಹಾಕಿ ಆಡಿಸಿದಂತೆ. ಆ ದನಿ ನನಗೆ ಚೆನ್ನಾಗಿ ಬರುತ್ತಿತ್ತು. ಊರಿನ ಅರ್ಧ ಜನರ ದನಿ ನನ್ನ ಗಂಟಲಲ್ಲಿ ಬಾಡಿಗೆಗಿತ್ತು, ನನ್ನದೊಂದು ಬಿಟ್ಟು. ನನ್ನ ಸ್ವಂತ ದನಿ ಕೇಳಿದವರು ನೆಗಡಿಯೇ ಎಂದು ವಿಚಾರಿಸುತ್ತಿದ್ದರು. ಒಂದು ದಿನ ಕಾಯುವ ಬೆಂಚಿನವರ ಮುಂದೆ ಡಾಕ್ಟರಾಗಿ ಕೆಮ್ಮಿ, ಬೈದು, ಎಲ್ಲರನ್ನೂ ನಗಿಸುತ್ತಿದ್ದಾಗ ಬೆನ್ನ ಹಿಂದೆ ಅಸಲಿ ಜರಡಿ ಆಡಿತು.

"ಏ ಮಂಗ್ಯಾ, ತಪ್ಪು ಮಾಡಿದಿ. ನಾನು ಮೊದಲು ಕೆಮ್ಮಿ ಆಮೇಲೆ ಬೈಯಂಗಿಲ್ಲ. ಮೊದಲು ಬೈತೀನಿ, ಬೈದು ಸುಸ್ತಾಗಿ ಕೆಮ್ಮತೀನಿ. ಎಲ್ಲಿ, ಇನ್ನೊಂದ್ಸಲ ಮಾಡು."

ಮಾಡಿದೆ. ಅವರೇ ಎಲ್ಲರಿಗಿಂತ ಜೋರಾಗಿ ನಕ್ಕರು.

ನಾನು ಅಲ್ಲಿ ಸೇರಿದ್ದು ಕಂಪ್ಯೂಟರಿನ ಕೆಲಸಕ್ಕೆ. ತೊಂಬತ್ತರ ದಶಕ ಮುಗಿಯುತ್ತ ಬಂದ ಕಾಲ. ಶಿವಮೊಗ್ಗದಲ್ಲಿ ಆರು ತಿಂಗಳ ಕೋರ್ಸು ಮುಗಿಸಿ, ಆ ಯಂತ್ರವನ್ನು ನಾನೇ ಕಂಡುಹಿಡಿದವನಂತೆ ಕಾಲರ್ ಎತ್ತಿಕೊಂಡು ಊರಿಗೆ ಬಂದಿದ್ದೆ. ಡಾಕ್ಟರು ಒಂದು ಕಂಪ್ಯೂಟರ್ ತರಿಸಿ, ನನ್ನನ್ನು ಅದರ ಮುಂದೆ ಕೂರಿಸಿ, ತಮಗೆ ಬೇಕಾದ್ದನ್ನು ಒಂದೇ ಮಾತಿನಲ್ಲಿ ಹೇಳಿದರು: "ಯಾರಿಗೆ ಯಾವ ಔಷಧಿ ಆಗಲ್ಲ ಅಂತ ಅದರಲ್ಲಿರಬೇಕು. ಮರೆತು ಅದನ್ನೇ ಕೊಡಾಕ ಹೋದ್ರೆ ಇದು ಬಾಯಿ ಬಡ್ಕೋಬೇಕು."

ಅವರ ಕಾಂಪೌಂಡರ್ ನಾಗಪ್ಪನವರಿಗೆ ಮೈಯೆಲ್ಲ ಉರಿ. ಊರಿನ ಮೂರು ತಲೆಮಾರಿನ ರೋಗ ಅವರ ಬಾಯಲ್ಲಿತ್ತು. ಕಂಪ್ಯೂಟರನ್ನು ಅವರು ಟೀವಿ ಎನ್ನುತ್ತಿದ್ದರು. "ಅಲ್ರೀ ಅಮ್ಮಾರೆ, ನಿಮಗೆ ನೆನಪೈತಿ, ನನಗೆ ನೆನಪೈತಿ. ನಡುವೆ ಈ ಟೀವಿ ಯಾಕ್ರೀ?"

"ನಿನ್ನೆ ರಾತ್ರಿ ಏನು ಉಂಡೆ ನಾಗಪ್ಪ?"

"ಮುದ್ದೆ... ಅಲ್ಲಲ್ಲ, ರೊಟ್ಟಿ."

"ನೋಡು. ನಿನ್ನ ಹೊಟ್ಟೆ ಸುದ್ದಿನೇ ನಿನಗೆ ಗೊತ್ತಿಲ್ಲ. ಬೇರೇರ ಮೈ ಸುದ್ದಿ ನಿನ್ನ ತಲೇಲಿ ಇಡಾಕ ಆಗತೈತೇನು?"

ನಾನೂ ಹುರುಪಿನಿಂದ ಕೂತೆ. ಪ್ರೋಗ್ರಾಮು ಬರೆದೆ, ಅಳಿಸಿದೆ, ಮತ್ತೆ ಬರೆದೆ. ಮೊದಮೊದಲು ಅದು ಕುಡಿಯುವ ನೀರಿಗೂ ಕೂಗಿಕೊಳ್ಳುತ್ತಿತ್ತು. ಕೊನೆಗೊಂದು ದಿನ ಡಾಕ್ಟರು ಸುಳ್ಳು ರೋಗಿಯೊಬ್ಬನನ್ನು ಸೃಷ್ಟಿಸಿ ಅವನಿಗೆ ಆಗದ ಗುಳಿಗೆಯ ಹೆಸರು ಹೊಡೆಸಿದರು. ಪರದೆಯಲ್ಲಿ ಕೆಂಪು ಪಟ್ಟಿ ಎದ್ದು, ಪೆಟ್ಟಿಗೆ ಕುಂಯ್ ಕುಂಯ್ ಎಂದಿತು. ಐವತ್ತೆಂಟರ ಹೆಂಗಸು ಕುರ್ಚಿಯಿಂದ ಎದ್ದು ಚಪ್ಪಾಳೆ ತಟ್ಟಿದರು. ನಾನು ಕಾಲರನ್ನು ಇನ್ನೂ ಮೇಲೆತ್ತಿದೆ. ಅದು ಕಿವಿಗೆ ತಾಗಿತು.

ವಾರಕ್ಕೆ ಎರಡು ದಿನ ಅವರು ಸೊರಬದಲ್ಲಿ ರೋಗಿಗಳನ್ನು ನೋಡುತ್ತಿದ್ದರು. ಅಲ್ಲಿ ಬರೆದುಕೊಂಡದ್ದನ್ನು ಇಲ್ಲಿ ತಂದು ಯಂತ್ರಕ್ಕೆ ತುಂಬಿಸುವವರೆಗೆ ಅವರಿಗೆ ಊಟ ಸೇರುತ್ತಿರಲಿಲ್ಲ. "ರೋಗಕ್ಕೆ ತಾಲ್ಲೂಕಿನ ಗಡಿ ಗೊತ್ತೇನೋ?" ಎಂದು ನನ್ನ ಬೆನ್ನ ಹಿಂದೆಯೇ ನಿಂತಿರುತ್ತಿದ್ದರು. ನನಗಾಗ ಈ ಅವಸರ ಅತಿಯೆನಿಸುತ್ತಿತ್ತು.

ಅದೊಂದು ಸಂತೆಯ ದಿನ. ಬೆಂಚು, ಮೆಟ್ಟಿಲು, ಜಗಲಿ ಎಲ್ಲಾ ಭರ್ತಿ. ಗುಡವಿ ಕೆರೆಯ ಹಕ್ಕಿಗಳೂ ಅಷ್ಟು ಗದ್ದಲ ಮಾಡುವುದಿಲ್ಲ. ಅಂಜನಾಪುರದ ಹೆಂಗಸೊಬ್ಬಳು ಗಂಡನನ್ನು ಟೆಂಪೋದಲ್ಲಿ ತಂದಳು. ಕಾಲಿನ ಗಾಯ ಕೀವಾಗಿ, ಜ್ವರ ನೆತ್ತಿಗೇರಿ, ಆತ ಬಡಬಡಿಸುತ್ತಿದ್ದ. ಟೆಂಪೋದವನು ಅವರನ್ನು ಇಳಿಸಿ ಸಂತೆಗೆ ಹೋಗಿಬಿಟ್ಟಿದ್ದ.

ಡಾಕ್ಟರು ಗಾಯ ನೋಡಿದರು. ನಾಗಪ್ಪನವರು ಪೆನಿಸಿಲಿನ್ ಸೂಜಿ ತುಂಬಿಸಿಕೊಂಡು ನಿಂತರು. ನಾನು ಕೀಲಿಮಣೆಯ ಮೇಲೆ ಬೆರಳಿಟ್ಟೆ.

"ಹೆಸರೇನಮ್ಮಾ?"

"ನಮ್ಮನಿಯೋರು ರೀ."

"ಅದು ಗೊತ್ತಾಯ್ತು. ಹೆಸರು?"

ಆಕೆ ಗೋಡೆಯ ಕಡೆ ತಿರುಗಿದಳು. ಗಂಡನ ಹೆಸರು ಹೇಳುವುದುಂಟೇ? ಹೇಳಿದರೆ ಗಂಡನ ಆಯುಷ್ಯ ಸವೆಯುತ್ತದೆಂದು ನಮ್ಮ ಕಡೆಯ ಹೆಂಗಸರ ನಂಬಿಕೆ. ಆತನನ್ನೇ ಕೇಳೋಣವೆಂದರೆ, ಜ್ವರದ ಭರದಲ್ಲಿ ತನ್ನ ಎರಡೂ ಎತ್ತುಗಳ ಹೆಸರನ್ನು ಕೂಗುತ್ತಿದ್ದನೇ ಹೊರತು ತನ್ನದನ್ನು ಹೇಳಲಿಲ್ಲ.

"ಇವ್ರಿಗೆ ಯಾವುದಾದ್ರೂ ಸೂಜಿ ಆಗಲ್ಲ ಅಂತ ಐತಾ?" ಡಾಕ್ಟರು ಕೇಳಿದರು.

"ಇಲ್ಲ ಬಿಡ್ರಿ. ಕಲ್ಲಿನಂಥ ಮನುಷ್ಯಾರು."

"ಸಾಕಲ್ರೀ ಅಮ್ಮಾರೆ," ಎಂದರು ನಾಗಪ್ಪ. "ಚರ್ಮಕ್ಕೆ ಒಂದು ಚುಕ್ಕೆ ಹಾಕಿ ಪರೀಕ್ಷೆ ಮಾಡಿ ಕೊಟ್ಟುಬಿಡಾಣ. ಮೈ ಕೆಂಡ ಆಗೈತಿ."

"ಪೆಟ್ಟಿಗೆ ಕೇಳದೆ ಇಲ್ಲಿ ಚುಕ್ಕೆನೂ ಇಲ್ಲ."

ಬೆಂಚಿನವರು ರೇಗಿದರು. "ಜೀವ ಹೋಗೂ ಹೊತ್ತಿನಾಗೆ ಹೆಸರು ಕಟ್ಗೊಂಡು ಏನ್ರೀ?" ಎಂದನೊಬ್ಬ. "ಹೇಳೇ ಮಾರಾಯ್ತಿ, ಹೇಳಿದ್ರೆ ಗಂಡ ಓಡಿಹೋಗಲ್ಲ," ಎಂದು ಸೊರಬದ ಕಡೆಯ ಅಜ್ಜಿಯೊಬ್ಬಳು ಅವಳನ್ನು ತಿವಿದಳು. ಹೆಂಗಸಿನ ಕಣ್ಣಲ್ಲಿ ನೀರು ಬಂತು. ಬಾಯಿ ಮಾತ್ರ ತೆರೆಯಲಿಲ್ಲ. ನಾನು ಆ ಅಜ್ಜಿಯ ದನಿ ತೆಗೆದು ಏನೋ ಚೇಷ್ಟೆ ಮಾಡಹೊರಟೆ.

"ಸುಮ್ನಿರೋ," ಎಂದರು ಡಾಕ್ಟರು. ನಾನು ಕೇಳಿದ ಅವರ ಅತ್ಯಂತ ಮೆತ್ತನೆಯ ದನಿ ಅದು. "ಹೆಸರು ಹೇಳದೆ ಅವಳೂ ಗಂಡನ ಜೀವ ಕಾಯ್ತಿದಾಳೆ. ಹೆಸರು ಕೇಳಿ ನಾನೂ ಅದನ್ನೇ ಕಾಯ್ತಿದೀನಿ. ನಮ್ಮಿಬ್ಬರಿಗೆ ಜಗಳ ಯಾಕೆ?" ಆಮೇಲೆ ನನ್ನ ಕಡೆ ತಿರುಗಿದರು. "ಊರಿನ ಹೆಸರು ಹೊಡೆದ್ರೆ ಆ ಊರಿನ ಗಂಡಸರನ್ನೆಲ್ಲ ತೋರಿಸ್ತೈತಾ ಇದು?"

ನನಗೆ ಹೊಳೆದೇ ಇರಲಿಲ್ಲ! "ತೋರಿಸುತ್ತೆ ಅಮ್ಮಾರೆ!"

"ಹಂಗಾರೆ ಒಂದೊಂದೇ ಓದು. ನೀನು ಹೇಳಬ್ಯಾಡ ತಾಯಿ, ಕೇಳು ಸಾಕು."

ಅಂಜನಾಪುರ ಎಂದು ಹೊಡೆದೆ. ಹೆಸರುಗಳು ಸಾಲಾಗಿ ಇಳಿದವು. ಓದತೊಡಗಿದೆ. ಬಸವರಾಜಪ್ಪ. ಆಕೆ ಅಲ್ಲವೆಂದು ತಲೆಯಾಡಿಸಿದಳು. ಈರಪ್ಪ. ಅಲ್ಲ. ಹಾಲಪ್ಪ. "ಅವ ಹಿಂದಿನ ಮನಿಯಾಂವ ರೀ, ಬೇಲಿ ಒತ್ತಿ ಕಟ್ಯಾನ," ಎಂದಳು, ಅಂಥ ಹೊತ್ತಿನಲ್ಲೂ. ಬೆಂಚಿನವರು ಎದ್ದು ಬಂದು ನನ್ನ ಹೆಗಲ ಮೇಲಿಂದ ಪರದೆಗೆ ಬಗ್ಗಿದರು. ಹನುಮಂತಪ್ಪ. ಅಲ್ಲ. ಮಲ್ಲೇಶಪ್ಪ. ಅಲ್ಲ. ಚನ್ನವೀರಪ್ಪ.

ಆಕೆಯ ಸೆರಗು ಸರ್ರನೆ ಬಾಯಿಗೆ ಹೋಯಿತು. ಕಣ್ಣೀರಿನ ಮುಖ ನಾಚಿ ಕೆಂಪಾಯಿತು.

"ಅದೇ! ಅದೇ!" ಎಂದು ಬೆಂಚಿಗೆ ಬೆಂಚೇ ಕೂಗಿತು.

ಹೆಸರು ಒತ್ತಿ, ಪೆನಿಸಿಲಿನ್ ಎಂದು ಹೊಡೆದೆ. ಆಕೆಯ ಮುಖಕ್ಕಿಂತ ಕೆಂಪಾಗಿ ಪರದೆಯಲ್ಲಿ ಪಟ್ಟಿ ಎದ್ದಿತು. ಕುಂಯ್! ಕುಂಯ್! ಕುಂಯ್! ಕೆಳಗೆ ನಾನೇ ತುಂಬಿಸಿ ಮರೆತಿದ್ದ ಸಾಲಿತ್ತು: ಸೊರಬದಲ್ಲಿ ಪೆನಿಸಿಲಿನ್ ಕೊಟ್ಟಾಗ ಮುಖ ಬಾತು ಉಸಿರು ಕಟ್ಟಿತ್ತು.

ಡಾಕ್ಟರು ಆತನ ಗಡ್ಡ ಬೆಳೆದ ಮುಖವನ್ನು ಬಗ್ಗಿ ನೋಡಿದರು. "ನಾನೇ ಕೊಟ್ಟಿದ್ದು. ನಾನೇ ಉಳಿಸಿದ್ದು. ನೋಡ್ರಿ, ಮುಖನೇ ನೆನಪಿಲ್ಲ." ಹೆಂಗಸಿನ ಕಡೆ ತಿರುಗಿದರು. "ಸೊರಬಕ್ಕೆ ಹೋಗಿದ್ರೇನಮ್ಮಾ ಇವ್ರು?"

"ತಂಗಿ ಮನಿಗೆ ಹೋಗಿದ್ರು ರೀ. ಮುಖ ಊದಿಸ್ಕೊಂಡು ಬಂದಿದ್ರು. ಜೇನು ಕಚ್ಚೈತಿ ಅಂದಿದ್ರಲ್ರೀ!"

"ಸೂಜಿಗೆ ಬಿದ್ದೆ ಅಂತ ಹೆಂಡ್ತಿ ಮುಂದೆ ಯಾವ ಗಂಡಸು ಹೇಳ್ತಾನೆ?" ಎಂದು ಡಾಕ್ಟರು ಬೇರೆ ಔಷಧಿ ಬರೆದರು. ನಾಗಪ್ಪನವರು ತುಂಬಿದ ಸೂಜಿಯನ್ನು ತಟ್ಟೆಯಲ್ಲಿಟ್ಟು ಸುಮಾರು ಹೊತ್ತು ಅದನ್ನೇ ನೋಡಿದರು. ಮರುದಿನ ಕಂಪ್ಯೂಟರಿನ ಮೇಲೊಂದು ದಾಸವಾಳ ಇತ್ತು. ಯಾರಿಟ್ಟದ್ದೆಂದು ಕೇಳಿದರೆ ಕಾಂಪೌಂಡರು ಹತ್ತಿ ಹಿಂಜುವುದರಲ್ಲಿ ಮುಳುಗಿದ್ದರು. ಚನ್ನವೀರಪ್ಪ ತನ್ನ ಕಾಲ ಮೇಲೆ ನಡೆದು ಮನೆಗೆ ಹೋದ, ಹೆಂಡತಿಯಿಂದ ಜೇನಿನ ವಿಚಾರಣೆ ಮಾಡಿಸಿಕೊಳ್ಳುತ್ತ.

ನಮ್ಮ ಪೆಟ್ಟಿಗೆಯ ಸುದ್ದಿ ದಾವಣಗೆರೆಯ ಆಸ್ಪತ್ರೆಯೊಂದಕ್ಕೆ ಮುಟ್ಟಿ, ನನಗೆ ಅಲ್ಲಿ ಕೆಲಸವಾಯಿತು. ಹೊರಡುವ ಮುನ್ನಾದಿನ ಹೇಳಿ ಬರಲು ಹೋದೆ. ಮೊಣಕಾಲು ಸೋತು ಡಾಕ್ಟರೂ ಆ ವಾರ ಕೆಲಸ ಬಿಡುವವರಿದ್ದರು. ಆಸ್ಪತ್ರೆಗೆ ಹೊಸ ಡಾಕ್ಟರು ಬರುವುದಿತ್ತು. ನನ್ನನ್ನು ಕಂಡವರೇ ತಮ್ಮ ಕುರ್ಚಿ ಬಿಟ್ಟು ರೋಗಿಗಳ ಸ್ಟೂಲಿನ ಮೇಲೆ ಕೂತರು.

"ಇನ್ನು ನಾನೂ ಇಲ್ಲಿ ಪೇಶಂಟೇ. ನನ್ನನ್ನ ಅದರೊಳಗೆ ಸೇರಿಸು."

ಅವರದೇ ದನಿ ತೆಗೆದು ಕೇಳಿದೆ: "ನಿನಗೆ ಯಾವ ಸೂಜಿ ಆಗಿಬರಂಗಿಲ್ಲ ಮಗಾ?"

ಅವರು ನಗಲಿಲ್ಲ. "ಗೊತ್ತಿಲ್ಲ ಅಂತ ಹಾಕು."

ಚಿಕ್ಕಂದಿನಲ್ಲಿ ಜ್ವರಕ್ಕೆ ಯಾರೋ ಕೊಟ್ಟ ಸೂಜಿಯಿಂದ ನೀಲಿಗಟ್ಟಿ, ಸತ್ತೇ ಹೋದಳೆಂದು ಅವರನ್ನು ನೆಲದ ಮೇಲೆ ಮಲಗಿಸಿದ್ದರಂತೆ. "ಎದ್ದು ಕೂತ ಖುಷೀಲಿ ಯಾವ ಸೂಜಿ ಅಂತ ಯಾರೂ ಕೇಳಲಿಲ್ಲ ನೋಡು. ಇವತ್ತಿಗೂ ಗೊತ್ತಿಲ್ಲ. ಒಂದು ಗುಳಿಗೆ ನುಂಗಬೇಕಾದ್ರೂ ಮೊದಲು ಚೂರು ಮುರಿದು ನಾಲಗೆ ಮೇಲಿಟ್ಟು ನೋಡ್ತೀನಿ."

ಹೊಡೆದೆ. ಗೊತ್ತಿಲ್ಲ ಎಂಬುದು ಔಷಧಿಯ ಹೆಸರಲ್ಲವೆಂದು ಯಂತ್ರ ಒಪ್ಪಲಿಲ್ಲ. ಪ್ರೋಗ್ರಾಮನ್ನೇ ತೆರೆದು ತಿದ್ದಲು ಕೂತೆ. "ಅಮ್ಮಾರೆ, ಹೀಗೆ ಮಾಡಿದರೆ ನಿಮಗೆ ಯಾವ ಔಷಧಿ ಕೊಡಲು ಹೋದರೂ ಇದು ಕೂಗುತ್ತೆ."

"ಕೂಗ್ಲಿ. ಕೂಗಿದ್ರೆ ಕೊಡೋರು ಒಂದು ಗಳಿಗೆ ಕೈ ತಡೆದು, ಯಾಕಮ್ಮಾ ಅಂತ ನನ್ನನ್ನ ಕೇಳ್ತಾರೆ."

ತಿದ್ದಿ ಮುಗಿಸಿ ಒಂದು ಔಷಧಿಯ ಹೆಸರು ಹೊಡೆದೆ. ಕೂಗಿತು. ಇನ್ನೊಂದು. ಕೂಗಿತು. ನಾಗಪ್ಪನವರು ಕಪಾಟಿನ ಬಾಗಿಲು ತೆರೆದು, ಬಾಟಲಿಗಳ ಹೆಸರನ್ನು ಒಂದೊಂದಾಗಿ ಓದತೊಡಗಿದರು. ಜಗಲಿಯಲ್ಲಿದ್ದ ರೋಗಿಗಳು ಏನೋ ಅನಾಹುತವೆಂದು ಒಳಗೆ ಓಡಿ ಬಂದರೆ, ಸ್ಟೂಲಿನ ಮೇಲೆ ಪಾರ್ವತಮ್ಮ ಡಾಕ್ಟರು ಕಾಲು ಕುಣಿಸುತ್ತ, ಸೆರಗಿನಲ್ಲಿ ಕಣ್ಣೊರೆಸಿಕೊಂಡು ನಗುತ್ತ, "ಇನ್ನೊಂದು ಹೇಳು ನಾಗಪ್ಪ, ಇನ್ನೊಂದು!" ಎನ್ನುತ್ತಿದ್ದರು. ಮತ್ತೆ ನಾನು ಅವರನ್ನು ನೋಡಲಿಲ್ಲ.