ಕತ್ತರಿಸಿದ ಗಂಟುಗಳು

ಒನೊರೆಗೆ ಅರವತ್ತೆರಡು. ಫ್ರಾನ್ಸಿನ ತೋ ಸರೋವರದಲ್ಲಿ ತಿನ್ನುವ ಸಿಂಪಿಗಳನ್ನು ಹಗ್ಗಕ್ಕೆ ಅಂಟಿಸಿ, ನೀರ ಮೇಲಿನ ತೊಲೆಗಳಿಗೆ ಹುರಿಯಿಂದ ಕಟ್ಟಿ, ಉಪ್ಪುನೀರಿಗೆ ಇಳಿಬಿಟ್ಟು ಸಾಕುವುದೇ ಅವನ ಬದುಕು. ಸೊಂಟ ಎಂದೋ ಕೈಕೊಟ್ಟಿತ್ತು. ಹಿಸ್ಸೆಯ ಜಗಳದಲ್ಲಿ ತಮ್ಮ ಬಾಜಿಲ್ ಮಾತು ಬಿಟ್ಟು ಹನ್ನೊಂದು ವರ್ಷ. ಒಂದೇ ಬೀದಿ, ಒಂದೇ ಇಗರ್ಜಿ, ಮುಖ ಮಾತ್ರ ಅತ್ತ ಇತ್ತ.

ಸಿಂಪಿಯ ಬೆಲೆ ಏರುವ ಕ್ರಿಸ್ಮಸ್ಸಿಗೆ ಹತ್ತು ದಿನವಿರುವಾಗ, ಬೆಳಿಗ್ಗೆ ದೋಣಿಯಲ್ಲಿ ಹೋಗಿ ನೋಡಿದರೆ ಅರವತ್ತು ಹಗ್ಗ ಮಾಯ. ಕಳ್ಳನಾದವನು ಚಾಕು ಹಾಕಿ ಕತ್ತರಿಸಿಕೊಂಡು ಓಡುತ್ತಾನೆ. ಈ ಪುಣ್ಯಾತ್ಮ ಒಂದೊಂದು ಗಂಟನ್ನೂ ಬಿಚ್ಚಿ, ತೊಲೆಯಲ್ಲಿ ಉಳಿದ ಹುರಿಯನ್ನು ಮಡಿಸಿ ಕಟ್ಟಿಟ್ಟು ಹೋಗಿದ್ದ! ಹಗ್ಗಕ್ಕೆ ಚಾಕು ಹಾಕಿದರೆ ಕೈ ಮುರಿಯುತ್ತೇನೆಂದು ಅಪ್ಪ ಬಡಿದು ಬಡಿದು ಹಾಗೆ ಕಲಿಸಿದ್ದು ಊರಲ್ಲಿ ಇಬ್ಬರಿಗೇ. ಒನೊರೆ ದೋಣಿಯ ಚಾಕು ತೆಗೆದು ಆ ಹುರಿಗಳನ್ನೆಲ್ಲ ಕಚಕಚನೆ ಕತ್ತರಿಸಿ ಹಾಕಿದ. ಎಷ್ಟಾದರೂ ತಮ್ಮ, ಏನು ಮಾಡುವುದು?

ಮಧ್ಯಾಹ್ನ ಪೊಲೀಸ್ ಅಧಿಕಾರಿಣಿ ಬಂದಳು. ದೋಣಿಯ ಚಾಕುವಿನಲ್ಲೇ ಆ ಹುರಿಯ ನಾರು ಸಿಕ್ಕಿತು. ದೋಣಿಯ ಇನ್ನೊಂದು ಕೀಲಿ ಇದ್ದದ್ದು ಆಳು ಮಿಲೂದನ ಬಳಿ; ಅನುಮಾನ ಅವನ ಮೇಲೆ ಬಿತ್ತು. ಒಂಬತ್ತು ವರ್ಷ ಒನೊರೆಯ ಜೊತೆ ಚಳಿಯಲ್ಲಿ ಬೆರಳು ಸೀಳಿಸಿಕೊಂಡವನು ಅವನು.

"ಯಜಮಾನ್ರೇ, ನೀವಾದ್ರೂ ಹೇಳಿ!" ಎಂದ ಮಿಲೂದ್.

ಒನೊರೆಯ ಬಾಯಿ ಕಟ್ಟಿತು. ಥೂ, ಎಂಥ ಬಾಯಿ ಅದು! ಮಿಲೂದನನ್ನು ಕರೆದುಕೊಂಡು ಜೀಪು ಹೊರಟುಹೋಯಿತು.

ಸಂಜೆ ಒನೊರೆ ತಮ್ಮನ ಬಾಗಿಲು ಬಡಿದ.

"ಕದ್ದಿದ್ದು ನೀನು. ಹೋಗಿ ಒಪ್ಕೋ. ಏನೂ ಅರಿಯದವನು ಒಳಗೆ ಕೂತಿದಾನೆ."

"ಸಾಕ್ಷಿ ಎಲ್ಲಿದೆ?"

"ಇತ್ತು. ನಾನೇ ಕತ್ತರಿಸಿ ಹಾಕಿದೆ."

ಬಾಜಿಲ್ ಗಹಗಹಿಸಿ ನಕ್ಕ. ಎರಡು ಲೋಟಕ್ಕೆ ವೈನ್ ಬಗ್ಗಿಸಿದ. "ಒಡಹುಟ್ಟು ಅಂದ್ರೆ ಇದು ನೋಡು! ಆ ಆಳಿನ ಚಿಂತೆ ಬಿಡು, ಅವನೇನು ನಮ್ಮವನಾ? ಬಾ, ಕೂತ್ಕೋ ಅಣ್ಣಾ."

ಅಣ್ಣಾ! ಆ ಒಂದು ಮಾತಿಗೆ ಒನೊರೆ ಹನ್ನೊಂದು ವರ್ಷ ಕಾದಿದ್ದ. ಆದರೂ ಕೂರಲಿಲ್ಲ. ನಿಂತೇ ವೈನ್ ಕುಡಿದು, ಲೋಟ ಕೆಳಗಿಟ್ಟು, ಸೊಂಟ ಹಿಡಿದುಕೊಂಡು ಠಾಣೆಗೆ ನಡೆದ.

"ಹುರಿ ಕತ್ತರಿಸಿದ್ದು ನಾನು ಮೇಡಂ, ಕಳ್ಳನ್ನ ಉಳಿಸೋಕೆ. ಕಳ್ಳ ನನ್ನ ತಮ್ಮ."

"ಇದನ್ನ ಬರ್ಕೊಂಡ್ರೆ ನಿಮ್ಮ ಮೇಲೂ ಕೇಸಾಗತ್ತೆ. ಗೊತ್ತಲ್ವಾ?"

"ಇಬ್ಬರ ಮೇಲೂ ಬರ್ಕೊಳ್ಳಿ. ಮೊದಲು ಮಿಲೂದ್‌ನ ಮನೆಗೆ ಕಳಿಸಿ."

ಅವಳು ಲೇಖನಿ ತೆಗೆದಳು. "ತಮ್ಮನ ಹೆಸರು?"

ಆ ಹೆಸರನ್ನು ಬಾಯಿಬಿಟ್ಟು ಹೇಳದೆ ಹನ್ನೊಂದು ವರ್ಷವಾಗಿತ್ತು. ಅವಳು ಇನ್ನೊಮ್ಮೆ ಕೇಳಿದಾಗ, "ಬಾಜಿಲ್" ಎಂದ.