ಕಕ್ಕಬೆಯ ಮನೆ, ಮಾದಾಪುರದ ಶೆಡ್ಡು

ಕೊಡಗಿನಲ್ಲಿ ಬ್ರಿಟಿಷರ ಆಡಳಿತದ ಕೊನೆಯ ವರ್ಷಗಳು. ನಾನು ಮಡಿಕೇರಿಯಲ್ಲಿ ಒಂದು ವಿಮಾ ಕಂಪನಿಯ ಏಜೆಂಟನಾಗಿದ್ದೆ. ಹುಟ್ಟೂರು ಸೋಮವಾರಪೇಟೆ, ಮಾತು ಜಾಸ್ತಿ, ತಾಳ್ಮೆ ಕಡಿಮೆ.

ಕಕ್ಕಬೆಯ ಬೆಳ್ಯಪ್ಪನವರು ಸ್ವದೇಶಕ್ಕೆ ಹೊರಟಿದ್ದ ದೊರೆಯೊಬ್ಬರಿಂದ ಹಳೆಯ ಕಾರು ಕೊಂಡಿದ್ದರು. ಅವರು ದೊಡ್ಡ ಒಕ್ಕದ, ಎಂದರೆ ಆಸ್ತಿ ಒಡೆಯದ ಕೂಡುಕುಟುಂಬದ ಹಿರಿಯರು. ನಾನು ಪ್ರೊಪೋಸಲ್ ಫಾರಂ ತೆಗೆದೆ. ಕಾರು ಓಡಿಸುವವರು ಯಾರು, ಅವರ ವಾಸ ಎಲ್ಲಿ, ಕಾರು ನಿಲ್ಲುವುದೆಲ್ಲಿ ಎಂದು ಕೇಳುವ ಕಾಗದ ಅದು. ಉತ್ತರ ಸುಳ್ಳಾದರೆ ಪಾಲಿಸಿಗೆ ಕವಡೆ ಕಾಸಿನ ಬೆಲೆಯಿಲ್ಲ. ಓಡಿಸುವವನು ತಮ್ಮ ಮುತ್ತಣ್ಣ, ಅವನ ವಾಸ ಈ ಮನೆಯಲ್ಲೇ, ಕಾರೂ ಇಲ್ಲೇ ಎಂದರು ಬೆಳ್ಯಪ್ಪ. ಹಾಗೇ ಬರೆದುಕೊಂಡೆ.

ಊಟಕ್ಕೆ ಕೂತಾಗ ಅವರ ಮಡದಿ ಗಂಗವ್ವ ನನಗೆ ನೂಪುಟ್ಟು, ಜೇನು ಬಡಿಸುತ್ತಾ, ಮಾದಾಪುರದ ಕಡೆ ಹೋಗುವುದಿದೆಯೇ ಎಂದು ವಿಚಾರಿಸಿದರು. ಮುತ್ತಣ್ಣನಿಗೆ ಒಂದು ಭರಣಿ ಉಪ್ಪಿನಕಾಯಿ ತಲುಪಿಸಬೇಕಿತ್ತಂತೆ. ಮೂರು ವರ್ಷದಿಂದ ಅವನು ಅಲ್ಲಿನ ಎಸ್ಟೇಟಿನಲ್ಲಿ ರೈಟರ್, ಎಂದರೆ ಲೆಕ್ಕ ಬರೆಯುವ ಗುಮಾಸ್ತ. ಕಾರೂ ಅಲ್ಲೇ ಇರುತ್ತದೆ, ಭಾನುವಾರ ಮಾತ್ರ ಇಲ್ಲಿಗೆ ಬರುತ್ತದೆ.

ನನಗೆ ಸಿಟ್ಟು ನೆತ್ತಿಗೇರಿತು. ಕೈ ತೊಳೆದವನೇ ಫಾರಂ ಹರಿದು ಹಾಕಿದೆ. ಬೆಳ್ಯಪ್ಪನವರ ಮುಖ ಕಪ್ಪಿಟ್ಟಿತು.

"ಅವ ಈ ಮನೇಲಿ ಇಲ್ಲ ಅಂತ ನನ್ನ ಕೈಯಲ್ಲಿ ಬರೆಸ್ತೀರಾ ಏಜೆಂಟ್ರೇ? ಅಣ್ಣ ನನ್ನನ್ನ ಒಕ್ಕದಿಂದ ಹೊರಗೆ ಹಾಕಿದ ಅಂತ ಅವ ತಿಳ್ಕೊಂಡ್ರೆ?"

ನನ್ನ ಸಿಟ್ಟು ಅಲ್ಲೇ ಇಳಿಯಿತು. ಮನುಷ್ಯ ಕಂಪನಿಗೆ ಮೋಸ ಮಾಡಲು ಹೊರಟಿರಲಿಲ್ಲ, ತಮ್ಮನನ್ನು ಉಳಿಸಿಕೊಳ್ಳಲು ಹೊರಟಿದ್ದರು. ನೀವು ಬರೆಯಬೇಡಿ, ಮುತ್ತಣ್ಣನವರೇ ಬರೆಯಲಿ ಎಂದು ಹೇಳಿ, ಹೊಸ ಫಾರಂ, ಭರಣಿ ಎರಡನ್ನೂ ಹೊತ್ತು ಮಾದಾಪುರದ ದಾರಿ ಹಿಡಿದೆ.

ಮುತ್ತಣ್ಣ ಮೊದಲು ಭರಣಿ ತೆರೆದು ಮೂಸಿ ನೋಡಿದರು. ನಡೆದದ್ದನ್ನು ಕೇಳಿ ನಕ್ಕರು, ಆಮೇಲೆ ಫಾರಂ ಎಳೆದುಕೊಂಡರು.

"ಅಣ್ಣ ಬರೆದಿದ್ರೆ ನೋವಾಗ್ತಿತ್ತು, ನಿಜ. ನಾನೇ ಬರೆದ್ರೆ ಅದು ಬರೀ ವಿಳಾಸ ಅಲ್ವಾ?"

ವಾಸ ಮಾದಾಪುರ, ಕಾರು ನಿಲ್ಲುವುದು ಎಸ್ಟೇಟಿನ ಶೆಡ್ಡಿನಲ್ಲಿ ಎಂದು ದುಂಡಗೆ ಬರೆದುಕೊಟ್ಟರು. ಮುಂದಿನ ಭಾನುವಾರ ಬೆಳ್ಯಪ್ಪ ಅದನ್ನು ಎರಡು ಸಲ ಓದಿ ಸಹಿ ಹಾಕಿದರು.

ಆ ಮಳೆಗಾಲದ ಆಟಿ ತಿಂಗಳಲ್ಲಿ ಗಾಳಿಮಳೆಗೆ ಸಿಲ್ವರ್ ಮರವೊಂದು ಮಾದಾಪುರದ ಶೆಡ್ಡಿನ ಮೇಲೆ ಬಿತ್ತು. ಕಾರು ಅಪ್ಪಚ್ಚಿ. ಪುಣ್ಯಕ್ಕೆ ಒಳಗೆ ಯಾರೂ ಇರಲಿಲ್ಲ. ಮದ್ರಾಸಿನಿಂದ ಬಂದ ಇನ್ಸ್‌ಪೆಕ್ಟರು ಮುರಿದ ಕಾರಿಗಿಂತ ಮೊದಲು ಫಾರಂ ನೋಡಿದರು. ಅದರಲ್ಲಿ ಕಕ್ಕಬೆ ಎಂದಿದ್ದರೆ ಕ್ಲೇಮು ತಳ್ಳಿಹಾಕಿ ಅಲ್ಲಿಂದಲೇ ಮದ್ರಾಸಿಗೆ ಹಿಂತಿರುಗುತ್ತಿದ್ದರು. ಕ್ಲೇಮು ಪೂರ್ತಿ ಮಂಜೂರಾಯಿತು.

ಸುಗ್ಗಿಯ ಹಬ್ಬ ಪುತ್ತರಿಯ ಹೊತ್ತಿಗೆ ಇನ್ನೊಂದು ಕಾರು ಬಂತು. ಹಬ್ಬಕ್ಕೆ ಕರೆಯೂ ಬಂತು. ನಾನು ಬಾಯಿ ತೆರೆಯುವ ಮೊದಲೇ ಬೆಳ್ಯಪ್ಪ, ತಮ್ಮನ ಹೆಗಲ ಮೇಲೆ ಕೈಯಿಟ್ಟು, "ಇವನ ವಾಸ ಮಾದಾಪುರ, ಬರ್ಕೊಳ್ಳಿ. ಮನೆ ಯಾವ್ದು ಅಂತ ನಿಮ್ಮ ಫಾರಂ ಕೇಳೋದಿಲ್ಲ ಅಲ್ವಾ?" ಎಂದರು.

ಕೇಳುವುದಿಲ್ಲ ಎಂದೆ. ಆಮೇಲೆ ಮೂವತ್ತು ವರ್ಷ ಆ ಕೆಲಸ ಮಾಡಿದೆ. ಯಾರ ಮನೆಯಲ್ಲೂ ಊಟಕ್ಕೆ ಮುಂಚೆ ಫಾರಂ ತೆಗೆಯಲಿಲ್ಲ.